ನೆಲದಡಿಯಲ್ಲೇ ಡಾಂಬರನ್ನು ತೆಳು ಎಣ್ಣೆ ಮಾಡುತ್ತಾರಂತೆ, ಹೌದಾ?

ಅಡಿಕೆ ಸಿಪ್ಪೆ, ಪೆರ್ಲ
ಎಲ್ಲರಿಗೂ ನಮಸ್ಕಾರ. ಇವತ್ತು ಕೊಳೆರೋಗ, ಅಡಿಕೆ ರೇಟು ಎರಡೂ ಅಲ್ಲ, ಬೇರೆ ವಿಷಯ. ಬೈಯಬೇಡಿ. ಅಕ್ಕನ ಮಗ ಕೆನಡಾದ ಕ್ಯಾಲ್ಗರಿಯಲ್ಲಿ ಇದ್ದಾನೆ, ರಜೆಗೆ ಬಂದಿದ್ದ. ಮೊನ್ನೆ ಜಗಲಿಯಲ್ಲಿ ಹಲಸಿನ ಹಣ್ಣು ಒಡೆದು ಸೊಳೆ ಬಿಡಿಸುತ್ತಾ ಕೂತಿದ್ದೆವು. ಕೈಗೆ, ಕತ್ತಿಗೆ ಎಲ್ಲ ಮೇಣ. ತೆಂಗಿನೆಣ್ಣೆ ತಾರೋ ಅಂದೆ. ತಂದುಕೊಟ್ಟು ನಕ್ಕ. "ಮಾವ, ಅಲ್ಲಿಯೂ ನಮಗೆ ಇದೇ ಕೆಲಸ" ಅಂದ. ಅಲ್ಲಿನ ಅಲ್ಬರ್ಟಾ ಪ್ರಾಂತ್ಯದಲ್ಲಿ ಮರಳಿನ ಒಳಗೆ ಡಾಂಬರಿನ ಹಾಗಿರುವ ಎಣ್ಣೆ ಉಂಟಂತೆ. ತೆಗೆದರೂ ಪೈಪಿನಲ್ಲಿ ಹರಿಯುವುದಿಲ್ಲ. ಅದಕ್ಕೆ ನಾಫ್ತಾದಂಥ ತೆಳು ಎಣ್ಣೆ ಬೆರೆಸಿ ಕಳಿಸುತ್ತಾರೆ, ಒಟ್ಟು ಹರಿಯುವುದರಲ್ಲಿ ಮೂರರಲ್ಲಿ ಒಂದು ಪಾಲಿನ ಹತ್ತಿರ ಅದೇ ಇರುತ್ತದಂತೆ. ಅದರ ಖರ್ಚು ಉಳಿಸುವುದಕ್ಕೆ ನೆಲದಡಿಯಲ್ಲೇ ಬೆಂಕಿ ಹಾಕಿ, ಬಾವಿಯ ಪೈಪಿನ ಸುತ್ತ ಕೆಟಲಿಸ್ಟ್ ತುಂಬಿ, ಮೇಲೆ ಬರುವಾಗಲೇ ತೆಳು ಎಣ್ಣೆ ಆಗಿ ಬರುವಂತೆ ಮಾಡುವ ಒಂದು ಉಪಾಯ ಉಂಟು ಅಂದ. ಅಷ್ಟು ಹೇಳಿ ಮರುದಿನ ವಿಮಾನ ಹತ್ತಿದ. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟು ಹೋದ. ಮೇಲೆ ತಂದು ರಿಫೈನರಿಯಲ್ಲಿ ಮಾಡುವುದನ್ನು ಕೆಳಗೆ ಕತ್ತಲೆಯಲ್ಲಿ ಯಾಕೆ ಮಾಡಬೇಕು? ಆ ಬೆಂಕಿ ಹಬ್ಬಿಕೊಂಡು ಹೋಗುವುದಿಲ್ವಾ? ಗೊತ್ತಿದ್ದವರು ಹೇಳಿ.

ತಲಪಾಡಿ ಟೋಲ್
ನಮ್ಮ ಹೈವೇ ಸರ್ವಿಸ್ ರೋಡಿನ ಡಾಂಬರು ಒಂದೇ ಮಳೆಗೆ ತಾನಾಗಿಯೇ ಹರಿದು ಹೋಗುತ್ತದೆ. ಬೆಂಕಿಯೂ ಬೇಡ, ಕೆಟಲಿಸ್ಟೂ ಬೇಡ. ಕೆನಡಾದವರು ಇಲ್ಲಿಗೆ ಟ್ರೈನಿಂಗಿಗೆ ಬರಲಿ.

ಕುಂಬಳೆ ಟೀಚರ್
ಟೋಲ್, ನಿಮ್ಮದು ಯಾವಾಗಲೂ ಇದೇ. ಸಿಪ್ಪೆ ಅಣ್ಣ, ಕೆಮಿಸ್ಟ್ರಿ ಭಾಗ ನಾನು ಹೇಳುತ್ತೇನೆ. ಎಣ್ಣೆ ಎಷ್ಟು ಭಾರ ಅಂತ ಹೇಳುವುದಕ್ಕೆ ಎಪಿಐ ಅಂತ ಒಂದು ಅಳತೆ ಉಂಟು. ನೀರು 10. ಅಂಕ ಜಾಸ್ತಿ ಆದಷ್ಟೂ ಎಣ್ಣೆ ಹಗುರ. ಒಳ್ಳೆಯ ಹಗುರ ಕಚ್ಚಾ ಎಣ್ಣೆ 35ರ ಮೇಲೆ ಇರುತ್ತದೆ. ಅಲ್ಬರ್ಟಾದ ಅಥಾಬಾಸ್ಕ ಕಡೆಯ ಆ ಡಾಂಬರಿನಂಥ ಎಣ್ಣೆಗೆ ಬಿಟುಮೆನ್ ಅಂತ ಹೆಸರು, ಅದು ಸುಮಾರು 8, ಅಂದರೆ ನೀರಿನಲ್ಲಿ ಮುಳುಗುವ ಎಣ್ಣೆ! ಇನ್ನು ದಪ್ಪದ ಲೆಕ್ಕ ನೋಡಿ. ನೀರಿನ ಸ್ನಿಗ್ಧತೆ 1 ಸೆಂಟಿಪಾಯ್ಸ್, ಜೇನಿನದು ಕೆಲವು ಸಾವಿರ. ಈ ಬಿಟುಮೆನ್ ನೆಲದಡಿಯ ಚಳಿಯಲ್ಲಿ ಹತ್ತು ಲಕ್ಷ ದಾಟುತ್ತದೆ. 200 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಎಣ್ಣೆ ಹತ್ತಿಪ್ಪತ್ತಕ್ಕೆ ಇಳಿದು ಅಡುಗೆ ಎಣ್ಣೆ ಥರ ಹರಿಯುತ್ತದೆ. ಆದರೆ ತಣ್ಣಗಾದ ಕೂಡಲೇ ಮತ್ತೆ ಮೊದಲಿನ ಹಾಗೆ. ಬಿಸಿ ಮಾಡುವುದರಿಂದ ಎಣ್ಣೆಯ ಜಾತಿ ಬದಲಾಗುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಜಾತಿ ಬದಲಾಗಬೇಕಾದರೆ ದೊಡ್ಡ ಅಣುಗಳು ಮುರಿಯಬೇಕು. ಭಾರದ ಎಣ್ಣೆಯಲ್ಲಿ ಕಾರ್ಬನ್ ಜಾಸ್ತಿ, ಹೈಡ್ರೋಜನ್ ಕಡಿಮೆ. ಹಾಗಾಗಿ ದಾರಿ ಎರಡೇ. ಒಂದೋ ಕಾರ್ಬನ್ ತೆಗೆದು ಹೊರಗೆ ಹಾಕಬೇಕು, ಇಲ್ಲವೇ ಹೈಡ್ರೋಜನ್ ಸೇರಿಸಬೇಕು. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿಯಲ್ಲಿ ಕೋಕರ್ ಉಂಟಲ್ವಾ, ಅದು ಮೊದಲನೆಯ ದಾರಿ. ಕಾರ್ಬನ್ ಪೆಟ್‌ಕೋಕ್ ಅನ್ನುವ ಕಲ್ಲಿದ್ದಲಿನಂಥ ಗಟ್ಟಿ ಆಗಿ ಲಾರಿ ಹತ್ತುತ್ತದೆ. ಅಲ್ಲಿಯೇ ಇರುವ ಹೈಡ್ರೋಕ್ರ್ಯಾಕರ್ ಎರಡನೆಯದು. ಅದಕ್ಕೆ ಕೆಟಲಿಸ್ಟ್ ಬೇಕು. ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ನಾನು ಕೆಟಲಿಸ್ಟ್ ಅಂದರೆ ಮದುವೆ ದಲ್ಲಾಳಿ ಅಂತ ಹೇಳಿಕೊಡುವುದು. ಎರಡು ಕಡೆಯವರನ್ನು ಬೇಗ ಒಪ್ಪಿಸುತ್ತಾನೆ, ತಾನು ಮದುವೆ ಆಗುವುದಿಲ್ಲ.

ಮಸ್ಕತ್ ರಿಟರ್ನ್, ಉಪ್ಪಳ
ಟೀಚರ್ ಹೇಳಿದ ಆ "ತಣ್ಣಗಾದ ಕೂಡಲೇ" ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಮಾನಿನ ಮುಖೈಜ್ನಾ ಕಡೆ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಆಗಿದ್ದೆ. ಅಲ್ಲಿ ನೆಲಕ್ಕೆ ಹಬೆ ಬಿಟ್ಟು ಭಾರದ ಎಣ್ಣೆ ತೆಗೆಯುತ್ತಾರೆ. ಡಿಸೆಂಬರ್ ಬೆಳಿಗ್ಗೆ ಮರುಭೂಮಿಯಲ್ಲಿ ಎಂತ ಚಳಿ ಅಂತ ಹೋದವರಿಗೇ ಗೊತ್ತು. ಒಂದು ದಿನ ಸ್ಯಾಂಪಲ್ ಬಾಟ್ಲಿಯಲ್ಲಿ ಎಣ್ಣೆ ಹಿಡಿದು ವ್ಯಾನಿನ ಹಿಂದೆ ಇಟ್ಟು ಚಾ ಕುಡಿಯಲು ಹೋದೆವು. ಬಂದು ಬಾಟ್ಲಿ ಮಗುಚಿ ಹಿಡಿದರೆ ಒಂದು ಹನಿ ಬೀಳಲಿಲ್ಲ! ಜತೆಗಿದ್ದ ಬಂಗಾಳಿ ಹುಡುಗ ತಳಕ್ಕೆ ಎರಡು ಪೆಟ್ಟು ಕೊಟ್ಟ, ಅದೂ ಉಪಯೋಗವಿಲ್ಲ. ಕೊನೆಗೆ ಬಿಸಿ ಲೈನಿನ ಮೇಲೆ ಹತ್ತು ನಿಮಿಷ ಇಟ್ಟ ಮೇಲೆ ನಿಧಾನಕ್ಕೆ ಬಾಯಿಗೆ ಬಂತು.

ಹಬೆಯ ಖರ್ಚು ಕೇಳಬೇಡಿ. ಕೆನಡಾದಲ್ಲಿ ಒಂದು ಬ್ಯಾರೆಲ್ ಎಣ್ಣೆಗೆ ಎರಡು ಮೂರು ಬ್ಯಾರೆಲ್ ನೀರು ಹಬೆಯಾಗಿ ಹೋಗುತ್ತದೆ. ಅಷ್ಟು ನೀರು ಕುದಿಸಲು ಗ್ಯಾಸ್ ಉರಿಯಬೇಕು. ಒಮಾನಿನ ಅಮಲ್‌ನಲ್ಲಿ ಗಾಜಿನ ಮನೆ ಕಟ್ಟಿ, ಒಳಗೆ ಕನ್ನಡಿ ತೂಗು ಹಾಕಿ, ಬಿಸಿಲಲ್ಲೇ ಹಬೆ ಮಾಡಿದ್ದಾರೆ. ಅಲ್ಬರ್ಟಾದಲ್ಲಿ ಅಷ್ಟು ಬಿಸಿಲು ಎಲ್ಲಿಂದ ಬರಬೇಕು?

ಅಡಿಕೆ ಸಿಪ್ಪೆ, ಪೆರ್ಲ
ಮಸ್ಕತ್ ಅಣ್ಣ, ಹಬೆ ಬಿಟ್ಟರೆ ಎಣ್ಣೆ ಬಾವಿಗೆ ಬರುವುದು ಹೇಗೆ? ಕೊಳವೆ ಬಾವಿಯ ಹಾಗೆ ಪಂಪ್ ಹಾಕಿ ಎಳೆಯುವುದಾ?

ಮಸ್ಕತ್ ರಿಟರ್ನ್, ಉಪ್ಪಳ
ಪಂಪೂ ಉಂಟು, ಆದರೆ ಮೊದಲು ಪಂಪಿನ ಹತ್ತಿರ ಬರಬೇಕಲ್ಲ. ನೀವು ಪೆರ್ಲದವರು, ನಿಮ್ಮ ಪಕ್ಕದ ಬಾಯಾರು ಗುಡ್ಡದಲ್ಲಿ ಎಷ್ಟು ಸುರಂಗ ಉಂಟು? ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದಿರುತ್ತಾರೆ. ಮೇಲಿನ ನೀರು ಜಿನುಗಿ ಇಳಿಯುತ್ತದೆ, ತೋಟಕ್ಕೆ ತಾನಾಗಿ ಹರಿಯುತ್ತದೆ. ಕೆನಡಾದ ವಿಧಾನವೂ ಹಾಗೆಯೇ. ರೋಜರ್ ಬಟ್ಲರ್ ಅನ್ನುವ ಎಂಜಿನಿಯರ್ 1970ರ ದಶಕದಲ್ಲಿ ಇದನ್ನು ಯೋಚಿಸಿದ್ದು. ಒಂದರ ಮೇಲೊಂದು ಎರಡು ಅಡ್ಡ ಬಾವಿ, ನಡುವೆ ಸುಮಾರು ಐದು ಮೀಟರ್. ಮೇಲಿನದರಲ್ಲಿ ಹಬೆ ಬಿಡುತ್ತಾರೆ. ಬಿಸಿಯಾದ ಎಣ್ಣೆ ತನ್ನ ಭಾರಕ್ಕೆ ಕೆಳಗಿನದಕ್ಕೆ ಇಳಿಯುತ್ತದೆ. ಸುರಂಗದ ಮೇಲೆ ಒಂದು ಹಂಡೆ ಒಲೆ ಇಟ್ಟ ಹಾಗೆ ಅಂತ ಇಟ್ಟುಕೊಳ್ಳಿ. ಇದಕ್ಕೆ ಸ್ಯಾಗ್‌ಡಿ ಅಂತಾರೆ.

ಬಾವಿಕಟ್ಟೆ
ಸುಮ್ನೆ ಒಂದು ಡೌಟು. ಉಡುಪಿ ಕಡೆ ಪಾದೂರಿನಲ್ಲಿ ಬಂಡೆ ಕೊರೆದು ಎಣ್ಣೆ ಇಟ್ಟಿದ್ದಾರಲ್ಲ, ಅದೂ ಇದೇನಾ?

ಮಸ್ಕತ್ ರಿಟರ್ನ್, ಉಪ್ಪಳ
ಅಲ್ಲ ಮಾರಾಯ್ರೇ. ಅದು ಗೋಡೌನು. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಇಡುವಷ್ಟು ಜಾಗ ಉಂಟು. ಹೊರಗಿನಿಂದ ಬಂದ ಎಣ್ಣೆಯನ್ನು ಕಷ್ಟಕಾಲಕ್ಕೆ ಅಂತ ಕೂಡಿಡುವುದು. ಸುತ್ತಲಿನ ಬಂಡೆಯಲ್ಲಿರುವ ನೀರಿನ ಒತ್ತಡವೇ ಎಣ್ಣೆ ಹೊರಗೆ ಹೋಗದ ಹಾಗೆ ತಡೆಯುತ್ತದೆ. ಅಲ್ಲಿ ಏನನ್ನೂ ಬೇಯಿಸುವುದಿಲ್ಲ.

ಸುರತ್ಕಲ್ ಹಾಸ್ಟೆಲ್
ಈಗ ನೋಡಿದೆ ಈ ಚರ್ಚೆ. ನಾನು ಅಡೂರಿನವನು, ಈಗ ಎಂಟೆಕ್ ಮಾಡುತ್ತಿದ್ದೇನೆ, ಕೆಟಲಿಸ್ಟ್ ಮೇಲೆಯೇ ಕೆಲಸ. ಸಿಪ್ಪೆ ಅಣ್ಣನ ಅಳಿಯ ಹೇಳಿದ್ದು ಥಾಯ್ ಮತ್ತು ಕ್ಯಾಪ್ರಿ ಬಗ್ಗೆ ಇರಬೇಕು. ಥಾಯ್ ಅಂದರೆ ದೇಶ ಅಲ್ಲ, ಬೆರಳಿನಿಂದ ಹಿಮ್ಮಡಿಗೆ ಗಾಳಿ ಕೊಡುವುದು ಅನ್ನುವ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳು. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಮಾಲ್ಕಮ್ ಗ್ರೀವ್ಸ್ ಮತ್ತು ಅವರ ಜತೆಯವರು 1990ರ ದಶಕದಲ್ಲಿ ಬೆಳೆಸಿದ್ದು.

ಅಡ್ಡ ಬಾವಿಯನ್ನು ಒಂದು ಪಾದ ಅಂತ ಊಹಿಸಿಕೊಳ್ಳಿ. ತುದಿ ಬೆರಳು, ಮೇಲಕ್ಕೆ ತಿರುಗುವ ಜಾಗ ಹಿಮ್ಮಡಿ. ಬೆರಳಿನ ಹತ್ತಿರ ಇನ್ನೊಂದು ನೇರ ಬಾವಿಯಿಂದ ಗಾಳಿ ಬಿಡುತ್ತಾರೆ. ಮೊದಲು ಹಬೆಯಲ್ಲಿ ಬಿಸಿ ಮಾಡಿಟ್ಟಿರುತ್ತಾರೆ, ಹಾಗಾಗಿ ಬೆಂಕಿ ಹಿಡಿಯುತ್ತದೆ. ಬೆಂಕಿ ಒಂದು ಗೋಡೆಯ ಹಾಗೆ ನಿಂತು, ನಿಧಾನವಾಗಿ ಹಿಮ್ಮಡಿ ಕಡೆ ಸರಿಯುತ್ತದೆ. ಗೋಡೆಯ ಮುಂದಿರುವ ಎಣ್ಣೆ ಬಿಸಿಯಾಗಿ ಮುರಿಯುತ್ತದೆ. ಹಗುರದ್ದು ಇಳಿದು ಪೈಪಿಗೆ ಹೋಗುತ್ತದೆ. ತೀರಾ ಭಾರದ್ದು ಕೋಕ್ ಆಗಿ ಮರಳಿಗೆ ಅಂಟಿಕೊಂಡು ಉಳಿಯುತ್ತದೆ. ಆ ಕೋಕ್ ಬೆಂಕಿಯ ಮುಂದಿನ ಊಟ. ಟೀಚರ್ ಹೇಳಿದ ಕಾರ್ಬನ್ ತೆಗೆಯುವ ದಾರಿ ಇದೇ ಅಲ್ವಾ? ಒಂದೇ ವ್ಯತ್ಯಾಸ, ಪೆಟ್‌ಕೋಕನ್ನು ಲಾರಿಗೆ ಹಾಕುವ ಬದಲು ಅಲ್ಲಿಯೇ ಸೌದೆ ಮಾಡಿಕೊಳ್ಳುತ್ತಾರೆ. ಒಳಗೆ 450ರಿಂದ 650 ಡಿಗ್ರಿ ಬಿಸಿ ಇರುತ್ತದೆ.

ಕ್ಯಾಪ್ರಿ ಅಂದರೆ ಇದರ ಮೇಲೆ ಇನ್ನೊಂದು ಹೆಜ್ಜೆ. ಅಡ್ಡ ಪೈಪಿನ ಸುತ್ತ ಬಳೆಯ ಹಾಗೆ ಕೆಟಲಿಸ್ಟ್ ಗುಳಿಗೆ ತುಂಬುವುದು. ಎಣ್ಣೆ ಪೈಪಿಗೆ ಇಳಿಯುವ ಕೊನೆಯ ಕೆಲವು ಇಂಚುಗಳಲ್ಲಿ ಅದನ್ನು ದಾಟಿಯೇ ಬರಬೇಕು. ರಿಫೈನರಿಯಲ್ಲಿ ಗಂಧಕ ತೆಗೆಯಲು ಬಳಸುವ ಕೋಬಾಲ್ಟ್-ಮಾಲಿಬ್ಡಿನಂ ಅಥವಾ ನಿಕ್ಕಲ್-ಮಾಲಿಬ್ಡಿನಂ ಗುಳಿಗೆಗಳೇ ಇವು. ಹೈಡ್ರೋಜನ್ ಎಲ್ಲಿಂದ ಅಂತ ಕೇಳಬಹುದು. ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಮತ್ತು ನೀರಿನ ಹಬೆ ಸೇರಿದರೆ ಸ್ವಲ್ಪ ಹೈಡ್ರೋಜನ್ ಅಲ್ಲಿಯೇ ಹುಟ್ಟುತ್ತದೆ. ಕೇಳಲು ಚಂದ ಉಂಟಲ್ವಾ? ರಿಯಾಕ್ಟರ್ ಕಟ್ಟುವ ಖರ್ಚಿಲ್ಲ, ಒಲೆ ಬೇಡ, ಸೌದೆಯೂ ಬೇಡ.

ಅಡಿಕೆ ಸಿಪ್ಪೆ, ಪೆರ್ಲ
ಅಂದರೆ ಸುಡುಮಣ್ಣು! ತೋಟದ ಬದಿಯಲ್ಲಿ ತರಗೆಲೆ, ಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಒಂದು ಕಡೆಯಿಂದ ಬೆಂಕಿ ಕೊಡುತ್ತೇವಲ್ಲ. ಹೊರಗೆ ಜ್ವಾಲೆ ಕಾಣಬಾರದು. ಒಳಗೊಳಗೇ ಸರಿಯುತ್ತಾ ಮೂರ್ನಾಲ್ಕು ದಿನ ಸುಡುತ್ತದೆ. ಅಪ್ಪ ಬೆಳಿಗ್ಗೆ ಎದ್ದು ಮೊದಲು ಹೋಗಿ ರಾಶಿಯ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು, ಬೆಂಕಿ ಎಲ್ಲಿಗೆ ಬಂತು ಅಂತ. ಗಾಳಿಯ ತೂತು ದೊಡ್ಡದಾದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ, ಮುಚ್ಚಿಹೋದರೆ ಆರುತ್ತದೆ.

ಸುರತ್ಕಲ್ ಹಾಸ್ಟೆಲ್
ಅದೇ ಅಣ್ಣ, ಸರಿಯಾಗಿ ಹಿಡಿದಿರಿ! ಈಗ ಆ ರಾಶಿಯನ್ನು 400 ಮೀಟರ್ ಆಳದಲ್ಲಿ ಇಡಿ. ಅಂಗೈ ಇಡುವವರು ಯಾರು? ಅಲ್ಲಲ್ಲಿ ಇಳಿಸಿದ, ಬಿಸಿ ಅಳೆಯುವ ಥರ್ಮೋಕಪಲ್ ಮತ್ತು ಮೇಲೆ ಬರುವ ಗ್ಯಾಸಿನ ಲೆಕ್ಕ, ಅಷ್ಟೇ ನಮಗೆ ಸಿಗುವುದು. ಹಬ್ಬುವ ಹೆದರಿಕೆ ಕಡಿಮೆ, ಗಾಳಿ ನಿಲ್ಲಿಸಿದರೆ ಬೆಂಕಿಗೆ ಉಸಿರಿಲ್ಲ. ತೊಂದರೆ ಬೇರೆ ಕಡೆ. ಗಾಳಿ ಅಡ್ಡದಾರಿ ಹಿಡಿದು ನೇರ ಪೈಪಿಗೆ ನುಗ್ಗಿದರೆ ಪೈಪೇ ಸುಡುತ್ತದೆ.

ಕುಂಬಳೆ ಟೀಚರ್
ಹಾಗಾದರೆ ಕ್ಯಾಪ್ರಿ ಈಗ ಎಲ್ಲೆಲ್ಲಿ ನಡೆಯುತ್ತಿದೆ? ಅದನ್ನು ಹೇಳು ಮಗಾ.

ಸುರತ್ಕಲ್ ಹಾಸ್ಟೆಲ್
ಅಲ್ಲಿಯೇ ಟೀಚರ್ ಕತೆ ಸಪ್ಪೆ ಆಗುವುದು. ಅಲ್ಬರ್ಟಾದ ವೈಟ್‌ಸ್ಯಾಂಡ್ಸ್‌ನಲ್ಲಿ 2006ರಲ್ಲಿ ಥಾಯ್ ಪೈಲಟ್, ಅಂದರೆ ಸಣ್ಣ ಮಟ್ಟದ ಪರೀಕ್ಷೆ, ಶುರುವಾಯಿತು. 2008ರಲ್ಲಿ ಅಲ್ಲಿಯೇ ಒಂದು ಬಾವಿಯಲ್ಲಿ ಕೆಟಲಿಸ್ಟ್ ತುಂಬಿ ಕ್ಯಾಪ್ರಿ ಪರೀಕ್ಷೆ ಮಾಡಿದರು. ಎಣ್ಣೆ ಹಗುರ ಆದದ್ದು ಹೌದು. ಆದರೆ ಮರಳು ಪೈಪಿಗೆ ನುಗ್ಗುವುದು, ಬಾವಿ ಕೆಡುವುದು ಹೀಗೆ ಒಂದಲ್ಲ ಒಂದು ತಾಪತ್ರಯ. ಸಸ್ಕ್ಯಾಚೆವಾನ್ ಪ್ರಾಂತ್ಯದ ಕೆರೋಬರ್ಟ್‌ನಲ್ಲಿಯೂ ಥಾಯ್ ಮಾಡಿದರು, ಅಂದುಕೊಂಡಷ್ಟು ಎಣ್ಣೆ ಬರಲಿಲ್ಲ. ಅಂಗಡಿಯಲ್ಲಿ ಸಿಗುವಂಥ ತಂತ್ರಜ್ಞಾನ ಅದು ಇನ್ನೂ ಆಗಿಲ್ಲ.

ಮುಖ್ಯ ರೋಗ ಕೆಟಲಿಸ್ಟಿನದ್ದು. ನಮ್ಮ ಲ್ಯಾಬಿನಲ್ಲಿ ನಾನು ಭಾರದ ಎಣ್ಣೆ ಹಾಯಿಸಿದ್ದೇನೆ, ಒಂದು ಸಣ್ಣ ಕೊಳವೆಯಲ್ಲಿ. ಹಾಕುವಾಗ ಗುಳಿಗೆಗಳು ಚಂದದ ನೀಲಿ ಬಣ್ಣ, ಜೀರಿಗೆಗಿಂತ ಸ್ವಲ್ಪ ದಪ್ಪ, ಬೆರಳಲ್ಲಿ ಉರುಳಿಸಿದರೆ ಸೀಮೆಸುಣ್ಣದ ಹಾಗೆ. ಮೂರನೆಯ ದಿನ ಕೊಳವೆ ಬಿಚ್ಚಿದೆ. ಒಂದೂ ಕೆಳಗೆ ಬೀಳಲಿಲ್ಲ. ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕೊನೆಗೆ ಕಡ್ಡಿಯಲ್ಲಿ ಚುಚ್ಚಿ ತೆಗೆದರೆ ಎಳ್ಳುಂಡೆಯ ಹಾಗೆ ಒಂದಕ್ಕೊಂದು ಅಂಟಿಕೊಂಡು, ಕರಿ ಅಂದರೆ ಕರಿ. ಕೋಕ್ ಎಲ್ಲ ರಂಧ್ರಗಳನ್ನೂ ಮುಚ್ಚಿತ್ತು. ಸಾಲದ್ದಕ್ಕೆ ಬಿಟುಮೆನ್‌ನಲ್ಲಿ ವೆನೇಡಿಯಂ, ನಿಕ್ಕಲ್ ಸ್ವಲ್ಪ ಸ್ವಲ್ಪ ಇರುತ್ತದೆ. ಅವೂ ಹೋಗಿ ಅಲ್ಲಿಯೇ ಕೂರುತ್ತವೆ. ನಾನಾದರೆ ಕೊಳವೆ ತೊಳೆದು ಹೊಸ ಗುಳಿಗೆ ಹಾಕಿದೆ. ರಿಫೈನರಿಯಲ್ಲಿ ಇಂಥ ಎಣ್ಣೆಗೆ ಅಂತಲೇ ಒಂದು ಜಾತಿಯ ರಿಯಾಕ್ಟರ್ ಉಂಟು, ಓಡುತ್ತಿರುವಾಗಲೇ ಹಳೆಯದನ್ನು ತೆಗೆದು ಹೊಸದನ್ನು ಸೇರಿಸುತ್ತಿರುತ್ತಾರೆ. 400 ಮೀಟರ್ ಕೆಳಗೆ, ಅರ್ಧ ಕಿಲೋಮೀಟರ್ ಉದ್ದಕ್ಕೆ ಮಲಗಿಸಿದ ಬಾವಿಯ ಸುತ್ತ ತುಂಬಿದ್ದನ್ನು ಯಾರು ಬದಲಿಸುತ್ತಾರೆ? ಒಮ್ಮೆ ಹಾಕಿದರೆ ಮುಗಿಯಿತು.

ಸಿಪ್ಪೆ ಅಣ್ಣ, ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇದೇ. ಕೆಳಗೆ ಮಾಡುವುದರಲ್ಲಿ ಲಾಭ ನಿಜ. ಆದರೆ ಮುಚ್ಚಳ ತೆಗೆಯಲು ಆಗದ ಪಾತ್ರೆಯಲ್ಲಿ ಅಡುಗೆ ಅದು. ಕೆಮಿಸ್ಟ್ರಿ ಸೋತಿಲ್ಲ, ಕೈ ಹಾಕಲು ಆಗದೆ ಸೋತದ್ದು.

ತಲಪಾಡಿ ಟೋಲ್
ಎಳ್ಳುಂಡೆ ಅನ್ನಬಾರದಿತ್ತು. ನಾಳೆ ಜಾತ್ರೆಗೆ ಹೋಗುವವನು ನಾನು.

ಮಸ್ಕತ್ ರಿಟರ್ನ್, ಉಪ್ಪಳ
ಒಂದು ತಿದ್ದುಪಡಿ. ನೆಲದಡಿಯ ಬೆಂಕಿಯೇ ಸೋತಿತು ಅಂತ ಯಾರೂ ತಿಳಿಯಬೇಡಿ. ರೊಮೇನಿಯಾದ ಸುಪ್ಲಾಕುವಿನಲ್ಲಿ 1960ರ ದಶಕದಿಂದ ಉರಿಸುತ್ತಿದ್ದಾರೆ. ನಮ್ಮ ದೇಶದಲ್ಲೇ ಗುಜರಾತಿನ ಮೆಹ್ಸಾಣಾ ಹತ್ತಿರ ಬಲೋಲ್, ಸಂತಾಲ್ ಅನ್ನುವ ಎರಡು ಕ್ಷೇತ್ರ ಉಂಟು, ಒಎನ್‌ಜಿಸಿಯದ್ದು. ಬಲೋಲ್‌ನಲ್ಲಿ 1990ರಲ್ಲಿ ಪೈಲಟ್ ಮಾಡಿ, 1997ರಿಂದ ದೊಡ್ಡ ಮಟ್ಟದಲ್ಲಿ ಗಾಳಿ ಬಿಟ್ಟು ಬೆಂಕಿ ಹಾಕಿದ್ದಾರೆ. ಅಲ್ಲಿಯ ಎಣ್ಣೆ ಅಲ್ಬರ್ಟಾದಷ್ಟು ದಪ್ಪ ಅಲ್ಲ, ಕೆಳಗೆ 70 ಡಿಗ್ರಿ ಬಿಸಿಯೂ ಇರುತ್ತದೆ, ಹಾಗಾಗಿ ಅಲ್ಪಸ್ವಲ್ಪ ಹರಿಯುತ್ತದೆ. ಅದು ಹಳೆಯ ವಿಧಾನ, ಎಲ್ಲ ನೇರ ಬಾವಿಗಳು, ಕೆಟಲಿಸ್ಟ್ ಇಲ್ಲ. ನನ್ನ ಜತೆ ಮಸ್ಕತ್‌ನಲ್ಲಿ ಇದ್ದ ಒಬ್ಬ ಗುಜರಾತಿ ಹೇಳುತ್ತಿದ್ದ, ನಮ್ಮ ಊರ ಗದ್ದೆಯ ಅಡಿಯಲ್ಲಿ ಬೆಂಕಿ, ಮೇಲೆ ಜೀರಿಗೆ ಬೆಳೆ ಅಂತ.

ಬಾವಿಕಟ್ಟೆ
ನೀವೆಲ್ಲ ಇಷ್ಟು ಖುಷಿಯಲ್ಲಿ ಮಾತಾಡುತ್ತಿದ್ದೀರಿ, ನನಗೆ ಹೊಟ್ಟೆಯೊಳಗೆ ಒಂದು ಥರ ಆಗುತ್ತದೆ. ನಾವು ಎಣ್ಮಕಜೆಯವರು. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಹೊಡೆಯುವಾಗಲೂ ಏನೂ ಆಗುವುದಿಲ್ಲ, ಬಾವಿ ಮುಚ್ಚಿಟ್ಟರೆ ಸಾಕು ಅಂದಿದ್ದರು. ನನ್ನ ಅಜ್ಜಿ ಬಾವಿಗೆ ಸೋಗೆ ಮುಚ್ಚುತ್ತಿದ್ದರು. ಸುರಂಗಕ್ಕೆ ಎಂತ ಮುಚ್ಚುವುದು? 2000ನೇ ಇಸವಿಯ ಕೊನೆಯವರೆಗೂ ನಡೆಯಿತು. ಯಾರ ಮನೆಯಲ್ಲಿ ಯಾವ ಮಗು ಹೇಗಿದೆ ಅಂತ ಇಲ್ಲಿ ಬರೆಯುವುದಿಲ್ಲ. ಈಗ ನೆಲದ ಕೆಳಗೆ ಲೋಹದ ಗುಳಿಗೆ, ಬೆಂಕಿ, ಗಂಧಕದ ಗ್ಯಾಸ್ ಅಂದರೆ ಮೊದಲು ಕೇಳಬೇಕಾದ್ದು ನೀರಿನ ವಿಷಯ ಅಲ್ವಾ? ಹತ್ತು ಪೋಸ್ಟ್ ಆಯಿತು, ಒಬ್ಬರೂ ಕೇಳಲಿಲ್ಲ.

ಕುಂಬಳೆ ಟೀಚರ್
ಸರಿಯಾದ ಮಾತು. ನಾನೇ ಕೇಳಬೇಕಿತ್ತು.

ಮಸ್ಕತ್ ರಿಟರ್ನ್, ಉಪ್ಪಳ
ಕಟ್ಟೆ ಭಾಯಿ, ಇದರಲ್ಲಿ ನಿಮ್ಮ ಜತೆ ವಾದ ಮಾಡುವುದಿಲ್ಲ. ಗ್ಯಾಸಿನ ವಿಷಯ ನನಗೆ ಗೊತ್ತು. ಗಂಧಕ ಇರುವ ಎಣ್ಣೆಗೆ ಹಬೆ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಎದೆಯ ಮೇಲೆ, ಕಾಲರಿನ ಹತ್ತಿರ ಸಣ್ಣ ಮೀಟರ್ ಸಿಕ್ಕಿಸಿಕೊಂಡೇ ಕೆಲಸ. 10 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಹತ್ತು ಪಾಲು, ಆದರೆ ಕೂಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅಂತಾರೆ. ಆದರೆ ಜಾಸ್ತಿ ಆದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತಿತು ಅಂದರೆ ಗ್ಯಾಸ್ ಹೋಯಿತು ಅಂತ ಅಲ್ಲ. ಒಂದು ಸಲ ನನ್ನದು ಕೂಗಿತು. ಗಾಳಿಚೀಲ ಯಾವ ಕಡೆ ಹಾರುತ್ತಿದೆ ಅಂತ ನೋಡಿ ಗಾಳಿಗೆ ಅಡ್ಡಲಾಗಿ ನಡೆದೆ, ಓಡಬೇಡ ಅಂತ ಕಲಿಸಿದ್ದರು. ಆ ಐವತ್ತು ಹೆಜ್ಜೆ ಈಗಲೂ ಕನಸಿನಲ್ಲಿ ಬರುತ್ತದೆ.

ಸುರತ್ಕಲ್ ಹಾಸ್ಟೆಲ್
ಕಟ್ಟೆ ಅಣ್ಣ, ಸಮಾಧಾನಕ್ಕೆ ಅಂತ ಸುಳ್ಳು ಹೇಳುವುದಿಲ್ಲ. ಎಣ್ಣೆ ಮರಳಿನ ಮೇಲೆ ಜೇಡಿಮಣ್ಣಿನ ಗಟ್ಟಿ ಪದರ ಇರುತ್ತದೆ, ಅದೇ ಮುಚ್ಚಳ. ಆ ಮುಚ್ಚಳವೂ ಬಿಟ್ಟದ್ದುಂಟು. 2006ರಲ್ಲಿ ಜೊಸ್ಲಿನ್ ಅನ್ನುವಲ್ಲಿ ಹಬೆ ನೆಲ ಒಡೆದು ಮೇಲೆ ಬಂತು. 2013ರಲ್ಲಿ ಕೋಲ್ಡ್ ಲೇಕ್ ಕಡೆ ಬಿಟುಮೆನ್ ನೆಲದ ಬಿರುಕಿನಲ್ಲಿ ತಿಂಗಳುಗಟ್ಟಲೆ ಜಿನುಗಿತು. ಎರಡೂ ಹಬೆಯ ಕೆಲಸ, ಬೆಂಕಿಯದ್ದಲ್ಲ, ಕೆಟಲಿಸ್ಟಿನದ್ದೂ ಅಲ್ಲ. ಆದರೆ ಮುಚ್ಚಳ ಒಂದೇ ಜಾತಿ.

ಬಾವಿಕಟ್ಟೆ
ಇಷ್ಟು ನೇರ ಹೇಳಿದ್ದಕ್ಕೆ ಥ್ಯಾಂಕ್ಸ್ ತಮ್ಮ. ಇನ್ನು ನೀವು ಮುಂದುವರಿಸಿ, ನಾನು ಓದುತ್ತೇನೆ.

ಕುಂಬಳೆ ಟೀಚರ್
ಗುಳಿಗೆ ಬದಲಿಸಲು ಆಗುವುದಿಲ್ಲ ಅಂದರೆ, ಗುಳಿಗೆ ಇಲ್ಲದೆ ಪುಡಿ ಮಾಡಿ ಎಣ್ಣೆಗೇ ಬೆರೆಸಿದರೆ ಆಗುವುದಿಲ್ವಾ? ಡಾಲ್ಡಾ ಮಾಡುವಾಗ ನಿಕ್ಕಲ್ ಪುಡಿಯನ್ನೇ ಎಣ್ಣೆಯಲ್ಲಿ ಕಲಕುವುದಲ್ವಾ?

ಸುರತ್ಕಲ್ ಹಾಸ್ಟೆಲ್
ಟೀಚರ್, ನೀವು ನಮ್ಮ ಗೈಡ್ ಆಗಬೇಕಿತ್ತು. ಅದೇ ಈಗಿನ ಯೋಚನೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಮೊದಲು ಗುಳಿಗೆಯ ಮುಂದೆ ಇದ್ದಿಲಿನ ಪದರ ಇಟ್ಟು ನೋಡಿದರು, ಕೊಳೆ ಅದರಲ್ಲಿ ಸಿಕ್ಕಿಕೊಳ್ಳಲಿ ಅಂತ. ಆಮೇಲೆ ತೀರಾ ಸಣ್ಣ ಪುಡಿ ಬಳಸಿದರು. ಎಣ್ಣೆಯ ಜತೆ ಪುಡಿಯೂ ಹೊರಗೆ ಬರುತ್ತದೆ, ಒಮ್ಮೆ ಬಳಸಿ ಬಿಡುವುದು. ಹಾಗಾದರೆ ಅಗ್ಗದ್ದು ಬೇಕು, ಕಬ್ಬಿಣದಂಥದ್ದು. ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿಯೂ ಇಂಥ ನ್ಯಾನೋ ಕೆಟಲಿಸ್ಟ್ ಕೆಲಸ ಉಂಟು. ಹಬೆ ಬಾವಿಗೇ ನಿಕ್ಕಲ್, ಕಬ್ಬಿಣದ ಲವಣ ಬೆರೆಸುವ ದಾರಿಯೂ ಉಂಟು. ಹಬೆಯೇ ಗಂಧಕದ ಕೊಂಡಿಗಳನ್ನು ಸ್ವಲ್ಪ ಮುರಿಯುತ್ತದೆ ಅಂತ 1980ರ ದಶಕದಲ್ಲಿ ಕೆನಡಾದ ಹೈನ್ ತಂಡ ತೋರಿಸಿತ್ತು. ಮತ್ತೊಂದು, ಉಕ್ಕಿನ ಗುಂಡುಗಳನ್ನು ಕೆಟಲಿಸ್ಟ್ ಜತೆ ಬೆರೆಸಿ, ಮನೆಯ ಇಂಡಕ್ಷನ್ ಸ್ಟವ್ ಥರವೇ ಕರೆಂಟಿನಿಂದ ಬಿಸಿ ಮಾಡುವುದು. ಆಗ ಬೆಂಕಿಯ ಮರ್ಜಿ ಕಾಯಬೇಕಾಗಿಲ್ಲ. ಇವೆಲ್ಲ ಹೆಚ್ಚು ಕಡಿಮೆ ಲ್ಯಾಬಿನ ಕತೆ, ನೆನಪಿರಲಿ.

ಅಡಿಕೆ ಸಿಪ್ಪೆ, ಪೆರ್ಲ
ನಿನ್ನೆ ರಾತ್ರಿ ಅಳಿಯನಿಗೆ ಫೋನ್ ಮಾಡಿ ನಿಮ್ಮ ಪೋಸ್ಟ್ ಎಲ್ಲ ಓದಿ ಹೇಳಿದೆ. ಎಳ್ಳುಂಡೆ ವಿಷಯಕ್ಕೆ ತುಂಬ ನಕ್ಕ. ಅವನ ಕಂಪನಿಯಲ್ಲಿ ಈಗಲೂ ಹಬೆ ಮಾತ್ರವಂತೆ. ಎರಡು ವಿಷಯ ಹೇಳಿದ. ಬೆರೆಸಿ ಕಳಿಸಿದ ತೆಳು ಎಣ್ಣೆಯಂಥದ್ದನ್ನು ಚಿಕಾಗೋ ಕಡೆಯಿಂದ ಅಲ್ಬರ್ಟಾಕ್ಕೆ ತರುವುದಕ್ಕೇ ಇನ್ನೊಂದು ಪೈಪ್‌ಲೈನ್ ಉಂಟಂತೆ! ಮೇಣ ತೆಗೆಯುವ ತೆಂಗಿನೆಣ್ಣೆಗೆ ಬರುವ ದಾರಿ ಒಂದು, ಹೋಗುವ ದಾರಿ ಒಂದು. ಇನ್ನೊಂದು, ಆ ಕೆರೋಬರ್ಟ್ ಜಾಗವನ್ನು ಬೇರೆಯವರು ತೆಗೆದುಕೊಂಡು, ಎಣ್ಣೆ ಕೆಳಗೇ ಇರಲಿ, ಬೆಂಕಿಯಿಂದ ಹುಟ್ಟುವ ಹೈಡ್ರೋಜನ್ ಮಾತ್ರ ಮೇಲೆ ತರುತ್ತೇವೆ ಅಂತ ಹೊರಟಿದ್ದಾರಂತೆ. ಸುರತ್ಕಲ್ ತಮ್ಮ, ಇದು ಆಗುವ ಮಾತಾ?

ಸುರತ್ಕಲ್ ಹಾಸ್ಟೆಲ್
ಹೈಡ್ರೋಜನ್ ಹುಟ್ಟುವುದು ನಿಜ. ಅದನ್ನು ಮಾತ್ರ ಸೋಸಿ ಮೇಲೆ ತರಬೇಕು, ಕಾರ್ಬನ್ ಡೈಆಕ್ಸೈಡ್ ಕೆಳಗೇ ನಿಲ್ಲಬೇಕು. ಸೋಸುವ ಪೊರೆಯನ್ನು ಪಲೇಡಿಯಂನಿಂದ ಮಾಡಬೇಕು ಅಂತಾರೆ, ಅದೂ ಚಿನ್ನದ ಅಂಗಡಿಯ ರೇಟಿನ ಲೋಹ, ಗಂಧಕ ಕಂಡರೆ ಆಗುವುದಿಲ್ಲ. ಮತ್ತೆ ಅದೇ ಪಾತ್ರೆ ಅಣ್ಣ. ನಾಡಿದ್ದು ಸೆಮಿನಾರ್ ಉಂಟು, ನಿಮ್ಮ ಸುಡುಮಣ್ಣಿನ ಒಂದು ಫೋಟೋ ಕಳಿಸುತ್ತೀರಾ? ಮೊದಲ ಸ್ಲೈಡಿಗೆ ಅದನ್ನೇ ಹಾಕುತ್ತೇನೆ.

ಅಡಿಕೆ ಸಿಪ್ಪೆ, ಪೆರ್ಲ
ಈಗ ಮಳೆ ಮಾರಾಯಾ, ರಾಶಿ ಒದ್ದೆ. ಜನವರಿಯಲ್ಲಿ ಹಾಕುವಾಗ ನೀನೇ ಬಾ, ಅಂಗೈ ಇಟ್ಟು ನೋಡುವಿಯಂತೆ.